ಮನೆ ಮಾರಲು ಮೂರು ದಾರಿ: ಗೇಟಿನ ಬೋರ್ಡ್, ‘ಮೇಲಿನದು ನನಗೆ’ ಬ್ರೋಕರ್, ಒಂದು ಪರ್ಸೆಂಟ್ ಬ್ರೋಕರ್

ಮೈಸೂರಿನ ಕುವೆಂಪುನಗರದಲ್ಲಿದ್ದ ನಮ್ಮ 30-40 ಮನೆ ಕೊನೆಗೂ ಮಾರಾಟವಾಯಿತು. ಮಾರಿಸಿಕೊಟ್ಟವರು ಒಂದು ಪರ್ಸೆಂಟ್ ಕಮಿಷನ್ ತೆಗೆದುಕೊಳ್ಳುವ ಬ್ರೋಕರ್. ಇನ್ನೊಂದು ಮನೆ ಇದ್ದಿದ್ದರೆ ಅದನ್ನೂ ಅವರಿಗೇ ಒಪ್ಪಿಸುತ್ತಿದ್ದೆ. ಅವರು ಸಿಗುವ ಮೊದಲೇ ಐದು ತಿಂಗಳು ಹಾಳಾಗಿದ್ದವು.

ಮೊದಲು ನಾವೇ ಗೇಟಿಗೆ ಬೋರ್ಡ್ ಹಾಕಿದೆವು. ಕಮಿಷನ್ ಉಳಿಯುತ್ತದಲ್ವಾ? ಫೋನುಗಳು ಬಂದವು, ಮುಕ್ಕಾಲು ಪಾಲು ಬ್ರೋಕರ್‌ಗಳದ್ದೇ. ನಿಜವಾದ ಗಿರಾಕಿ ಬಂದರೆ ಬಾಗಿಲು ತೆಗೆಯಲು ನಾನು ಮಂಡ್ಯದಿಂದ ಬರಬೇಕು. ಬ್ಯಾಂಕ್ ಕೆಲಸ, ಬಿಡುವು ಭಾನುವಾರ ಮಾತ್ರ. ಒಂದೇ ತಿಂಗಳಿಗೆ ಸಾಕಾಯಿತು. ಮೈಸೂರಲ್ಲೇ ಇರುವವರಿಗೆ ಇದು ಸರಿಹೋಗಬಹುದು.

ಆಮೇಲೆ ಸಿಕ್ಕ ಬ್ರೋಕರ್ ಹೇಳಿದ ಲೆಕ್ಕ ಕೇಳಲು ಚೆನ್ನಾಗಿತ್ತು. "ಮೇಡಂ, ನಿಮ್ಮ ಕೈಗೆ 1 ಕೋಟಿ 10 ಲಕ್ಷ ಬಂದರೆ ಸಾಕಲ್ವಾ? ಕಮಿಷನ್ ಬೇಡ. ಅದರ ಮೇಲೆ ಬಂದದ್ದು ನನಗಿರಲಿ." ಖರ್ಚಿಲ್ಲದ ಕೆಲಸ ಅಂದುಕೊಂಡು ಬೀಗದ ಕೈ ಕೊಟ್ಟೆ. ವಾರಕ್ಕೆ ಎರಡು ಮೂರು ಜನ ನೋಡಿಕೊಂಡು ಹೋಗುತ್ತಿದ್ದರು. ಒಬ್ಬರೂ ಮತ್ತೆ ಬರಲಿಲ್ಲ. ಬ್ರೋಕರನ್ನು ಕೇಳಿದರೆ, ಬಾಗಿಲು ದಕ್ಷಿಣಕ್ಕಿದೆ, ವಾಸ್ತು ನೋಡ್ತಾರೆ ಅನ್ನುತ್ತಿದ್ದರು. ಆಷಾಢ ಬಂತು. ಆ ತಿಂಗಳು ಅಡ್ವಾನ್ಸ್ ಕೊಡುವವರು ಕಡಿಮೆ, ಅದು ಗೊತ್ತಿದ್ದದ್ದೇ. ಶ್ರಾವಣವೂ ಹಾಗೇ ಕಳೆಯಿತು.

ಒಂದು ಭಾನುವಾರ ನಾನು ಅಲ್ಲೇ ಇದ್ದಾಗ ಒಂದು ಕುಟುಂಬ ಬಂತು. ಅಡುಗೆಮನೆಯಲ್ಲಿ ನಿಂತಿದ್ದ ಆ ಮನೆಯಾಕೆ, "ಮನೆ ಇಷ್ಟ ಆಯ್ತು ಕಣ್ರೀ, ಆದರೆ 1 ಕೋಟಿ 25 ಲಕ್ಷ ನಮ್ಮ ಕೈಲಿ ಆಗಲ್ಲ" ಅಂದರು. ಆ ಬೆಲೆ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಹದಿನೈದು ಲಕ್ಷ ಜಾಸ್ತಿ! ಅದೂ ನಗದಾಗಿ, ಕ್ರಯಪತ್ರದಲ್ಲಿ ಕಾಣದ ಹಾಗೆ. ಸಾಲ ಮಾಡಿ ಮನೆ ಕೊಳ್ಳುವವರು ಇಷ್ಟು ಹಣ ಎಲ್ಲಿಂದ ತರಬೇಕು? ಬ್ಯಾಂಕು ಪತ್ರದಲ್ಲಿರುವ ಬೆಲೆ ನೋಡಿ ಸಾಲ ಕೊಡುತ್ತದೆ. ಬ್ರೋಕರ್ ಹೆಚ್ಚು ಹೇಳಿದ್ದು ತಮ್ಮ ಲಾಭಕ್ಕೆ, ಹೋಗದೆ ಉಳಿದದ್ದು ನಮ್ಮ ಮನೆ. ಇದಕ್ಕಿಂತ ನೋವಾಗಿದ್ದು, "ಮನೆಗೆ ಏನಾದ್ರೂ ತಕರಾರಿದೆಯಾ?" ಅಂತ ಬೀದಿಯವರು ಅಮ್ಮನನ್ನು ಕೇಳಿದ್ದು. ಅಪ್ಪ ದಿನಾ ಬೆಳಿಗ್ಗೆ ಗೋಡೆಗೆ ತಾವೇ ನೀರು ಹಾಕಿ ಕಟ್ಟಿಸಿದ ಮನೆ ಅದು. ಅವತ್ತೇ ಬೀಗದ ಕೈ ವಾಪಸ್ ತೆಗೆದುಕೊಂಡೆ.

ಮೂರನೆಯವರು ಬೆಲೆ ಕೇಳುವ ಮೊದಲು ಕಾಗದಪತ್ರ ಕೇಳಿದರು. ಕ್ರಯಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ಕಂದಾಯದ ರಸೀದಿ ಇದ್ದವು. ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. "ಮೊದಲು ಅದು ಆಗಲಿ, ಸುಮ್ನೆ ಜನರನ್ನು ಕರೆಸೋದು ಬೇಡ" ಅಂದರು. ವಂಶವೃಕ್ಷ ಮಾಡಿಸಿ, ಅಮ್ಮ, ತಮ್ಮ, ನಾನು ಮೂವರ ಹೆಸರಿಗೂ ಖಾತೆ ಮಾಡಿಸಿದೆವು. ಆಮೇಲೆ ಬೆಲೆಯ ಮಾತೆಲ್ಲ ನನ್ನ ಎದುರಿಗೇ ನಡೆಯಿತು. 1 ಕೋಟಿ 8 ಲಕ್ಷಕ್ಕೆ ಮುಗಿಯಿತು. ದಕ್ಷಿಣದ ಬಾಗಿಲಿನ ಬಗ್ಗೆ ಕೊಂಡವರು ಕೇಳಲೇ ಇಲ್ಲ.

ಬೆಲೆ 50 ಲಕ್ಷ ದಾಟಿದ್ದರಿಂದ ಕೊಂಡವರು 1% ಟಿಡಿಎಸ್ (ಮೊದಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದುಕೊಂಡರು. ರಿಟರ್ನ್ ಹಾಕುವಾಗ ಅದು ನಮ್ಮ ಲೆಕ್ಕಕ್ಕೇ ಬರುತ್ತದೆ.

ಮೊದಲು ಅಂದುಕೊಂಡಿದ್ದಕ್ಕಿಂತ, ಕಮಿಷನ್ ಸೇರಿ, 3 ಲಕ್ಷದ 8 ಸಾವಿರ ಕಡಿಮೆ ಬಂತು. ನನಗೆ ಬೇಸರವಿಲ್ಲ. ನೋಂದಣಿ ಮುಗಿದ ಸಂಜೆ ಅವರಿಗೆ 1,08,000 ಕೊಟ್ಟೆ, ಒಂದು ರೂಪಾಯಿ ಚೌಕಾಸಿ ಮಾಡದೆ.