ತಲೆ ಕಡಿತಕ್ಕೆ ಹೇರ್ ಕ್ಲಿನಿಕ್‌ಗೆ ಹೋಗೋರು ದುಡ್ಡು ಕಟ್ಟೋ ಮುಂಚೆ ಓದಿ

ಕಾರ್ಡ್ ಜೇಬಲ್ಲೇ ಇರಲಿ. ಕ್ಲಿನಿಕ್ ಹೆಸರು ಹಾಕಲ್ಲ, ಬೆಂಗಳೂರಲ್ಲಿ ಇಂಥವು ಬೀದಿಗೊಂದಿವೆ.

ಪ್ರಾಜೆಕ್ಟ್ ರಿಲೀಸ್ ಟೈಮು, ರಾತ್ರಿಯೆಲ್ಲ ಕಾಲ್, ನಿದ್ದೆ ಇಲ್ಲ. ನೆತ್ತಿ ಉರಿ, ಕಿವಿ ಹಿಂದೆ ಹಕ್ಕಳೆ, ಜಿಡ್ಡುಜಿಡ್ಡು ಹಳದಿ ಹೊಟ್ಟು. ಮೀಟಿಂಗಲ್ಲಿ ಕೆರ್ಕೊಳ್ಳೋಕೂ ನಾಚಿಕೆ. "ಉಚಿತ ತಪಾಸಣೆ" ಅಂದ್ರು, ಹೋದೆ.

ತಲೆಗೆ ಕ್ಯಾಮೆರಾ ಒತ್ತಿ ಟಿವಿಯಲ್ಲಿ ತೋರಿಸಿದ್ರು. "ನೋಡಿ ಸರ್, ರೂಟ್ಸ್ ಸಾಯ್ತಾ ಇವೆ. ಆರು ತಿಂಗಳಲ್ಲಿ ಇದೆಲ್ಲ ಖಾಲಿ." ಅಷ್ಟು ದೊಡ್ಡದು ಮಾಡಿದ್ರೆ ಯಾರ ನೆತ್ತಿಯಾದ್ರೂ ಬತ್ತಿದ ಕೆರೆ ಥರಾನೇ ಕಾಣತ್ತೆ! ಟೆನ್ಷನ್‌ನಿಂದ ಇರಬಹುದಾ ಅಂತ ಕೇಳಿದ್ರೆ, "ಅಯ್ಯೋ ಇಲ್ಲ ಸರ್, ಇದು ರೂಟ್ ಪ್ರಾಬ್ಲಮ್ಮು." ಪ್ಯಾಕೇಜು 45,000. ಇಎಂಐ ಅಂತೆ. ಅಲ್ಲೇ ಕಾರ್ಡ್ ಉಜ್ಜಿಸಿದ್ರು.

ಕೊಟ್ಟಿದ್ದು ಎಣ್ಣೆ. ರಾತ್ರಿಯಿಡೀ ಬಿಡಬೇಕಂತೆ. ಕಡಿತ ದುಪ್ಪಟ್ಟಾಯ್ತು. ವಾಟ್ಸಾಪಲ್ಲಿ ಕೇಳಿದ್ರೆ "ಟಾಕ್ಸಿನ್ ಹೊರಗೆ ಬರ್ತಿದೆ ಸರ್, ಒಳ್ಳೇ ಲಕ್ಷಣ." ಟಾಕ್ಸಿನ್ನಂತೆ! ಡಾಕ್ಟರ್ ಯಾರು ಅಂದ್ರೆ "ಪ್ಯಾನೆಲ್‌ನಲ್ಲಿದ್ದಾರೆ ಸರ್." ಬಿಳಿ ಕೋಟು ಹಾಕಿದ್ದಾಕೆ ಡಾಕ್ಟರೇ ಅಲ್ಲ, ಕೌನ್ಸೆಲರ್. ದುಡ್ಡು ವಾಪಸ್ ಕೇಳಿದ್ಮೇಲೆ ನೋಡಿ ವರಸೆ: "ನೀವು ಸ್ಟ್ರೆಸ್ ಕಂಟ್ರೋಲ್ ಮಾಡಿಲ್ಲ ಸರ್, ಅದಕ್ಕೇ ರಿಸಲ್ಟ್ ಬಂದಿಲ್ಲ." ದುಡ್ಡು ತಗೊಳ್ಳೋವಾಗ ಇಲ್ಲದ ಸ್ಟ್ರೆಸ್ಸು ವಾಪಸ್ ಕೊಡೋವಾಗ ಎಲ್ಲಿಂದ ಬಂತು?

ಆಮೇಲೆ ಸರ್ಕಾರಿ ಆಸ್ಪತ್ರೆ ಚರ್ಮದ ವಿಭಾಗಕ್ಕೆ ಹೋದೆ. ಡಾಕ್ಟರು ಕೂದಲು ಸರಿಸಿ ನೋಡಿ ಹೇಳಿದ್ರು, ಸೆಬೊರಿಕ್ ಡರ್ಮಟೈಟಿಸ್, ಅಂದ್ರೆ ಜಿಡ್ಡಿರೋ ಜಾಗದ ಚರ್ಮ ಕೆಂಪಾಗಿ, ಕಡಿದು ಹೊಟ್ಟು ಏಳೋ ಕಾಯಿಲೆ. ಮಲಸೀಜಿಯಾ ಅನ್ನೋ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರತ್ತೆ, ಜಿಡ್ಡು ತಿಂದು ಬದುಕತ್ತೆ. ಒತ್ತಡ, ನಿದ್ದೆಗೇಡು ಇದ್ರೆ ಕಾಯಿಲೆ ಕೆರಳತ್ತೆ. ಅಂದ್ರೆ ನಾನು ರಾತ್ರಿಯಿಡೀ ಹಚ್ಕೊಂಡಿದ್ದ ಎಣ್ಣೆ ಆ ಶಿಲೀಂಧ್ರಕ್ಕೆ ಊಟ! ಡಾಕ್ಟರು ಕೊಟ್ಟಿದ್ದು 2% ಕೀಟೊಕೊನಜೋಲ್ (ಶಿಲೀಂಧ್ರ ತಡೆಯೋ ಔಷಧಿ) ಇರೋ ಶಾಂಪೂ, ವಾರಕ್ಕೆರಡು ಸಲ, ನೊರೆ ಐದು ನಿಮಿಷ ಬಿಟ್ಟು ತೊಳೀಬೇಕು. ಕೆಲವು ವಾರದಲ್ಲಿ ಇಳೀತು. ಟೆನ್ಷನ್ ಜಾಸ್ತಿಯಾದ್ರೆ ಮತ್ತೆ ಬರತ್ತೆ, ಮತ್ತೆ ಅದೇ ಶಾಂಪೂ. "ಪರ್ಮನೆಂಟ್ ಕ್ಯೂರ್" ಅನ್ನೋರನ್ನ ನಂಬ್ಲೇಬೇಡಿ.

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಲ್ಲಿ ಕೇಳಿ ಸ್ಟೆರಾಯ್ಡ್ ಲೋಷನ್ ತಂದು ತಿಂಗಳುಗಟ್ಟಲೆ ಹಚ್ಬೇಡಿ, ಚರ್ಮ ತೆಳುವಾಗತ್ತೆ. ಕ್ಲಿನಿಕ್‌ಗೆ ಹೋದ್ರೂ ಡಾಕ್ಟರ ನೋಂದಣಿ ಸಂಖ್ಯೆ ಕೇಳಿ, ಆವತ್ತೇ ದುಡ್ಡು ಕಟ್ಬೇಡಿ.

ಗ್ರಾಹಕ ಸಹಾಯವಾಣಿ ನಂಬರ್ 1915ಕ್ಕೆ ದೂರು ಕೊಟ್ಟಿದ್ದೀನಿ. ಅದಾದ್ಮೇಲೆ ಕ್ಲಿನಿಕ್‌ನಿಂದ ಫೋನು: "ಸರ್, ಕಂಪ್ಲೇಂಟ್ ವಾಪಸ್ ತಗೊಂಡ್ರೆ ಒಂದು ಹೇರ್ ಸ್ಪಾ ಫ್ರೀ." ಎಣ್ಣೆ ಹಾಕಿನಾ ಅಂತ ಕೇಳ್ದೆ. ಹೌದಂತೆ!