ಗೋಕುಲ ರಸ್ತೆಯಲ್ಲಿ ಮಾಡಿಸುವ 6 ಎಂಎಂ ಸಂಪ್ ಗಾರ್ಡ್ ಹೇಗಿದೆ?

ಹವ್ಯಾಸಕ್ಕೆ ರ‍್ಯಾಲಿ ಓಡಿಸುವವರಿಗೆ ಹುಬ್ಬಳ್ಳಿ ಗೋಕುಲ ರಸ್ತೆಯ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಅಳತೆ ಕೊಟ್ಟು ಮಾಡಿಸುವ 6 ಎಂಎಂ ಅಲ್ಯೂಮಿನಿಯಂ ಸಂಪ್ ಗಾರ್ಡ್ (ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪನ್ನು ಕಲ್ಲಿನ ಪೆಟ್ಟಿನಿಂದ ಕಾಯುವ ಪ್ಲೇಟು) ಒಳ್ಳೆಯ ಆಯ್ಕೆ. 80×60 ಸೆಂ.ಮೀ. ಪ್ಲೇಟು ಸುಮಾರು 7.8 ಕಿಲೋ ತೂಗುತ್ತದೆ. ಅದೇ ಅಳತೆಯ 3 ಎಂಎಂ ಉಕ್ಕಿನದು 11.3 ಕಿಲೋ. ಶೀಟು ಮಾತ್ರ 5052 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದೇ ಅಂತ ಕೇಳಿ ಹಾಕಿಸಿ. 6061-ಟಿ6 ಎಂಬ ಇನ್ನೊಂದು ಮಿಶ್ರಲೋಹ ಗಟ್ಟಿ ನಿಜ, ಆದರೆ ಬಿಗಿಯಾಗಿ ಮಡಿಸಿದರೆ ಮಡಿಕೆಯಲ್ಲೇ ಸೀಳು ಬಿಡುತ್ತದೆ.

ಕೆಲಸ ಹೆಚ್ಚಾಗಿ ಕೆಡುವುದು ಕೂರಿಸುವಾಗ. ಬೋಲ್ಟು ಸಬ್‌ಫ್ರೇಮಿಗೆ (ಎಂಜಿನ್ ಕೆಳಗಿನ ಗಟ್ಟಿ ಚೌಕಟ್ಟಿಗೆ) ಹೋಗಬೇಕು. ಗೇರ್‌ಬಾಕ್ಸಿಗೆ ಬಿಗಿದರೆ ಕಲ್ಲಿನ ಪೆಟ್ಟು ನೇರ ಕೇಸಿಂಗಿಗೆ ಬೀಳುತ್ತದೆ. ಸಂಪಿಗೂ ಪ್ಲೇಟಿಗೂ ನಡುವೆ 20–25 ಎಂಎಂ ಜಾಗ ಬಿಡಿಸಿ: ರಬ್ಬರ್ ಮೌಂಟಿನ ಮೇಲೆ ಎಂಜಿನ್ ಓಲಾಡುತ್ತದೆ, ಪೆಟ್ಟು ಬಿದ್ದರೆ ಪ್ಲೇಟೂ ಬಾಗುತ್ತದೆ. ಬೋಲ್ಟಿನ ತಲೆ ಹೊರಗೆ ಚಾಚಿದ್ದರೆ ಕಲ್ಲಿಗೆ ಸವೆದು ಮುಂದೆ ಬಿಚ್ಚಲು ಬರುವುದಿಲ್ಲ; ಕೌಂಟರ್‌ಸಿಂಕ್ ಮಾಡಿಸಿ (ತಲೆ ಪ್ಲೇಟಿನೊಳಗೆ ಮಟ್ಟಸವಾಗಿ ಕೂರುವಂತೆ ತೂತು ಕೊರೆಸಿ). ಆಯಿಲ್ ಡ್ರೇನಿನ ತೂತು ಮರೆಯಬೇಡಿ.

ನವಲಗುಂದ, ಗದಗ ಕಡೆಯ ಎರೆಮಣ್ಣು ಗಾರ್ಡಿನ ಮೇಲೆ ತುಂಬಿ ಒಣಗಿದರೆ ಗಾಳಿಯಾಡದೆ ಆಯಿಲ್ ಬಿಸಿಯೇರುತ್ತದೆ. ಹಿಂಬದಿಗೆ ಕಿಂಡಿ ಇಲ್ಲದ ಗಾರ್ಡ್ ಬೇಡವೇ ಬೇಡ. ಓಟ ಮುಗಿದ ದಿನವೇ ಬಿಚ್ಚಿ ತೊಳೆಯಿರಿ.

ಒಂದು ಕೊರತೆ: ಇದು ಕಾಯುವುದು ಮುಂಭಾಗವನ್ನಷ್ಟೇ. ನೆಲದಡಿಯ ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳಿಗೆ ಬೇರೆಯೇ ಕವಚ ಹಾಕಿಸಬೇಕು.