ಎಂಸಿಬಿ, ಆರ್‌ಸಿಸಿಬಿ, ಆರ್‌ಸಿಬಿಒ: ನಿಮ್ಮ ಮನೆಗೆ ಯಾವುದು?

ಈ ಮೂರೂ ದೋಷ ಕಂಡಾಗ ಮನೆಯ ಕರೆಂಟನ್ನು ತಾವಾಗಿಯೇ ಕಡಿಯುವ ಸುರಕ್ಷಾ ಸ್ವಿಚ್‌ಗಳು. ರಕ್ಷಣೆಯ ಮಟ್ಟಿಗೆ, ಎಂಸಿಬಿ ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ವೈರಿಂಗನ್ನು ಕಾಯುತ್ತದೆಯೇ ಹೊರತು ಶಾಕ್ ತಗುಲಿದ ಮನುಷ್ಯನನ್ನಲ್ಲ. ಮೈ ಮೂಲಕ ಹರಿದು ಜೀವ ತೆಗೆಯಬಲ್ಲ 50 ಮಿಲಿಆಂಪಿಯರ್ ಕರೆಂಟ್ ಸೋರಿಕೆ 16 ಆಂಪಿಯರ್ ಎಂಸಿಬಿಯ ಗಮನಕ್ಕೇ ಬರುವುದಿಲ್ಲ. ಫೇಸ್ ಮತ್ತು ನ್ಯೂಟ್ರಲ್ ನಡುವಿನ ಕರೆಂಟಿನ ವ್ಯತ್ಯಾಸವನ್ನು ಗ್ರಹಿಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಅದನ್ನು ಕ್ಷಣಾರ್ಧದಲ್ಲಿ ಕಡಿಯುತ್ತದೆ, ಆದರೆ ಓವರ್‌ಲೋಡ್ ತಡೆಯದು. ಆದ್ದರಿಂದ ಅದರೊಂದಿಗೆ ಎಂಸಿಬಿ ಇರಲೇಬೇಕು. ಆರ್‌ಸಿಬಿಒ ಎರಡೂ ಕೆಲಸ ಮಾಡುತ್ತದೆ.

ಖರ್ಚು ಮುಖ್ಯವಾದ ಸಣ್ಣ ಮನೆಗೆ ಎಲ್ಲ ಎಂಸಿಬಿಗಳಿಗೂ ಮೊದಲು, ಕರೆಂಟ್ ಬರುವ ಕಡೆ, ಒಂದೇ ಆರ್‌ಸಿಸಿಬಿ ಸಾಕು. ಆದರೆ ಗೀಸರ್‌ನಲ್ಲಿ ಕರೆಂಟ್ ಸೋರಿದರೂ ಇಡೀ ಮನೆ ಕತ್ತಲಾಗುತ್ತದೆ. ದೊಡ್ಡ ಮನೆಯಲ್ಲಿ, ವಿಶೇಷವಾಗಿ ಗೀಸರ್ ಮತ್ತು ಮೋಟಾರ್ ಲೈನ್‌ಗಳಿಗೆ, ಪ್ರತ್ಯೇಕ ಆರ್‌ಸಿಬಿಒ ದುಬಾರಿಯಾದರೂ ಅನುಕೂಲಕರ, ದೋಷ ಹುಡುಕುವುದೂ ಸುಲಭ. ಯಾವುದನ್ನೇ ಆರಿಸಿದರೂ ಅರ್ಥಿಂಗ್ ಕೈಬಿಡಬೇಡಿ. ಆರ್‌ಸಿಸಿಬಿ, ಆರ್‌ಸಿಬಿಒಗಳ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ಪರೀಕ್ಷಿಸಿ.